ಹಾಡಿನ ಹಿಂದೆ ಹೊರಟವರ ಸರದಿ ಸಾಲು

2023ರ ಆಗಸ್ಟ್ 30ರ ಸಂಜೆ ನ್ಯೂಜೆರ್ಸಿಯ ಸಿಕಾಕಸ್ ಜಂಕ್ಷನ್ನಿನಿಂದ ಮೆಡೋಲ್ಯಾಂಡ್ಸ್ ಕ್ರೀಡಾಂಗಣದ ಕಡೆಗೆ ಹೊರಟ ರೈಲಿನಲ್ಲಿ ನಿಲ್ಲುವುದಕ್ಕೂ ಜಾಗವಿರಲಿಲ್ಲ. ರಾಕ್ ಸಂಗೀತವೆಂದರೆ ಹದಿಹರೆಯದವರ ಗದ್ದಲ ಎಂಬ ಪೂರ್ವಗ್ರಹವನ್ನು ಇಟ್ಟುಕೊಂಡೇ ಆ ರೈಲು ಹತ್ತಿದ ನನಗೆ ಸುತ್ತ ಕಂಡದ್ದು ನರೆತ ತಲೆಗಳು, ಮೊಣಕಾಲಿನ ಪಟ್ಟಿಗಳು, ಓದುಗನ್ನಡಕಗಳು. ಅರವತ್ತು ದಾಟಿದ ನಾನು ಅಲ್ಲಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಹಲವರು ತೊಟ್ಟಿದ್ದ ಮಾಸಿದ ಅಂಗಿಗಳ ಬೆನ್ನಿನ ಮೇಲೆ ಊರುಗಳ ಪಟ್ಟಿಯೂ ಇಸವಿಗಳೂ ಇದ್ದವು. ಕೆಲವರ ಅಂಗಿಗಳು ಅವರ ಮಕ್ಕಳಿಗಿಂತ ಹಳೆಯವಾಗಿದ್ದಿರಬೇಕು.

ನನ್ನನ್ನು ಅಲ್ಲಿಗೆ ಕರೆದೊಯ್ದವರು ಎಡಿಸನ್‌ನಲ್ಲಿರುವ ನನ್ನ ಮಗಳ ನೆರೆಮನೆಯ ಮಹಿಳೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಅಂದರೆ ನನ್ನಂತೆಯೇ ಪಿಂಚಣಿಯನ್ನು ನಂಬಿಕೊಂಡವರು. ಜೊತೆಗೆ ಬರಬೇಕಿದ್ದ ಅವರ ತಂಗಿಗೆ ಜ್ವರ ಬಂದು ಒಂದು ಟಿಕೆಟ್ ಉಳಿದಿತ್ತು. ರೈಲಿನಲ್ಲಿ ಅವರು ತಮ್ಮ ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದರು. ಅದು ಅವರದೇ ಎಡಗೈಯ ಚಿತ್ರ. ಅಂಗೈಯ ಹಿಂಬದಿಯಲ್ಲಿ ದಪ್ಪ ಶಾಯಿಯಲ್ಲಿ 341 ಎಂದು ಬರೆದಿತ್ತು. ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ಸ್ಪೇನಿನ ಬಾರ್ಸಿಲೋನಾಕ್ಕೆ ಹೋಗಿ ಇದೇ ಗಾಯಕನನ್ನು ಕೇಳಿ ಬಂದಿದ್ದರು. ಅಲ್ಲಿಯ ಸರದಿ ಸಾಲಿನಲ್ಲಿ ಅವರಿಗೆ ದೊರೆತ ಸಂಖ್ಯೆ ಅದು. ಮೊಮ್ಮಕ್ಕಳ ಚಿತ್ರಗಳನ್ನು ತೋರಿಸುವಾಗಲೂ ಅವರ ಮುಖದಲ್ಲಿ ಅಂಥ ಅಭಿಮಾನವನ್ನು ನಾನು ಕಂಡಿರಲಿಲ್ಲ.

ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್. 1949ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿ ಅಲ್ಲಿನ ಫ್ರೀಹೋಲ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದವರು. ತಂದೆ ಒಂದು ಕೆಲಸದಲ್ಲಿ ನೆಲೆ ನಿಲ್ಲದ ಕಾರ್ಮಿಕ, ತಾಯಿ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿ. ತಮ್ಮ ಹಾಡುಗಳನ್ನು ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವವರು. 1975ರ ಅಕ್ಟೋಬರ್‌ನಲ್ಲಿ ಟೈಮ್ ಮತ್ತು ನ್ಯೂಸ್‌ವೀಕ್ ಎರಡೂ ಒಂದೇ ವಾರ ಅವರನ್ನು ಮುಖಪುಟಕ್ಕೆ ಹಾಕಿದಾಗ ಅವರಿಗೆ ಇಪ್ಪತ್ತಾರು ವರ್ಷ. ಮುಚ್ಚಿದ ಕಾರ್ಖಾನೆ, ಸಾಲ, ರಾತ್ರಿಪಾಳಿ, ಊರು ಬಿಟ್ಟು ಓಡಿಹೋಗುವ ಆಸೆ, ಓಡಿದರೂ ಬೆನ್ನು ಬಿಡದ ಊರು ಇವು ಅವರ ಹಾಡುಗಳ ವಸ್ತು. ಈ ಸಂಗೀತದ ಗುಣಾವಗುಣಗಳನ್ನು ವಿಮರ್ಶಿಸುವ ಅಧಿಕಾರ ನನಗಿಲ್ಲ. ನನ್ನ ಕಿವಿ ಕರ್ನಾಟಕ ಸಂಗೀತಕ್ಕೆ ಒಗ್ಗಿದ್ದು. ನನ್ನ ಕುತೂಹಲವೆಲ್ಲ ಅವರ ಹಿಂದೆ ಊರೂರು ಅಲೆಯುವ ಜನರ ಬಗ್ಗೆ.

ಸಂಗೀತಗಾರರ ಇಂಥ ಸುತ್ತಾಟಕ್ಕೆ ಇಂಗ್ಲಿಷಿನವರು ಟೂರ್ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಯಕ್ಷಗಾನ ಮೇಳಗಳಿಗೆ ಬಳಸುವ ‘ತಿರುಗಾಟ’ ಎಂಬ ಮಾತು ಇದಕ್ಕೆ ಹೆಚ್ಚು ಒಪ್ಪುತ್ತದೆ ಎಂದು ನನಗೆ ತೋರುತ್ತದೆ. ಒಬ್ಬ ಭಾಗವತರ ಹಾಡಿಗಾಗಿ ಒಂದೇ ಪ್ರಸಂಗವನ್ನು ಊರಿಂದೂರಿಗೆ ಹಿಂಬಾಲಿಸಿ ರಾತ್ರಿಯಿಡೀ ಎಚ್ಚರವಿರುತ್ತಿದ್ದವರನ್ನು ಕಂಡ ನಮಗೆ ಆ ಶಿಕ್ಷಕಿಯ ಹುಚ್ಚು ಅಪರಿಚಿತವೇನಲ್ಲ. ಅವರು ಆ ಸಂಜೆಯ ಹೊತ್ತಿಗೆ ಸ್ಪ್ರಿಂಗ್‌ಸ್ಟೀನರನ್ನು 86 ಬಾರಿ ಕೇಳಿದ್ದರು. ಅದೂ ಹೆಚ್ಚೇನಲ್ಲವಂತೆ. ಲೂಟನ್ ಎಂಬ ಇಂಗ್ಲೆಂಡಿನ ಕೈಗಾರಿಕಾ ಊರಿನಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಪತ್ರಕರ್ತ ಸರ್ಫರಾಜ್ ಮಂಜೂರ್ ನೂರಕ್ಕೂ ಹೆಚ್ಚು ಕಛೇರಿಗಳಿಗೆ ಹೋಗಿದ್ದಾರೆ. ಕಾರು ಕಾರ್ಖಾನೆಯ ಕಾರ್ಮಿಕನ ಮಗನಾದ ಆತನಿಗೆ 1980ರ ದಶಕದ ಕಾಲೇಜಿನಲ್ಲಿ ಸಿಖ್ ಗೆಳೆಯನೊಬ್ಬ ಈ ಹಾಡುಗಳ ಕ್ಯಾಸೆಟ್ ಕೊಟ್ಟನಂತೆ. ಆ ಕಥೆಯನ್ನು ಮಂಜೂರ್ 2007ರಲ್ಲಿ ಪುಸ್ತಕವಾಗಿಸಿದರು. 2019ರಲ್ಲಿ ಗುರಿಂದರ್ ಛಡ್ಡಾ ಅದನ್ನು ಆಧರಿಸಿ ಚಲನಚಿತ್ರ ಮಾಡಿದರು. ನ್ಯೂಜೆರ್ಸಿಯ ಹೆದ್ದಾರಿಗಳ ಬಗ್ಗೆ ಬರೆದ ಹಾಡು ಲೂಟನ್ನಿನ ಪಂಜಾಬಿ ಹುಡುಗರಿಗೆ ತಮ್ಮ ಮನೆಯ ಜಗಳದಂತೆ ಕೇಳಿಸಿತು ಎಂಬುದೇ ಆ ಕಥೆಯ ತಿರುಳು.

ಒಂದೇ ಗಾಯಕನನ್ನು 86 ಬಾರಿ ಕೇಳುವುದೇಕೆ? ಎಂ.ಎ. ತರಗತಿಯಲ್ಲಿ ನಾವು ಕಲಿತ ಮೊದಲ ಪಾಠವೇ ಇಳಿಯುವ ಸೀಮಾಂತ ತುಷ್ಟಿಗುಣ. ಮೊದಲ ಹೋಳಿಗೆ ಕೊಡುವ ಸುಖವನ್ನು ನಾಲ್ಕನೆಯದು ಕೊಡುವುದಿಲ್ಲ, ಏಳನೆಯದು ಹೊಟ್ಟೆ ಕೆಡಿಸುತ್ತದೆ. ಆದರೆ ಈ ನಿಯಮವನ್ನು ನಮಗೆ ಕೊಟ್ಟವರಲ್ಲಿ ಪ್ರಮುಖರಾದ ಆಲ್ಫ್ರೆಡ್ ಮಾರ್ಷಲ್ 1890ರ ತಮ್ಮ ಗ್ರಂಥದಲ್ಲಿಯೇ ಒಂದು ಎಚ್ಚರಿಕೆಯನ್ನು ಸೇರಿಸಿದ್ದರು: ಒಳ್ಳೆಯ ಸಂಗೀತದ ವಿಷಯದಲ್ಲಿ, ಕೇಳಿದಷ್ಟೂ ರುಚಿ ಹೆಚ್ಚುತ್ತ ಹೋಗುವುದುಂಟು, ಏಕೆಂದರೆ ಕೇಳುವ ಮನುಷ್ಯನೇ ಆ ನಡುವೆ ಬದಲಾಗಿರುತ್ತಾನೆ. 1977ರಲ್ಲಿ ಷಿಕಾಗೋದ ಜಾರ್ಜ್ ಸ್ಟಿಗ್ಲರ್ ಮತ್ತು ಗ್ಯಾರಿ ಬೆಕರ್ ಇದನ್ನೇ ಹಿಡಿದು ಒಂದು ಪ್ರಬಂಧ ಬರೆದರು. ಕೇಳುವಿಕೆ ಖರ್ಚಲ್ಲ, ಒಂದು ಬಗೆಯ ಬಂಡವಾಳ. ಪ್ರತಿ ಕೇಳುವಿಕೆಯೂ ಮುಂದಿನ ಕೇಳುವಿಕೆಯನ್ನು ಹೆಚ್ಚು ಫಲವತ್ತಾಗಿಸುತ್ತದೆ ಎಂಬುದು ಅವರ ವಾದ. ಪರೀಕ್ಷೆಗಾಗಿ ಇದನ್ನೆಲ್ಲ ಉರು ಹೊಡೆದ ನನಗೆ ಅದು ಅರ್ಥವಾದದ್ದು ನಾಲ್ಕು ದಶಕಗಳ ನಂತರ, ಆ ರೈಲಿನಲ್ಲಿ.

ಶಿಕ್ಷಕಿಯ ವಿವರಣೆ ಇನ್ನೂ ಸರಳವಾಗಿತ್ತು. ಈತ ಒಂದು ರಾತ್ರಿ ಹಾಡಿದ್ದನ್ನು ಮರುರಾತ್ರಿ ಅದೇ ಕ್ರಮದಲ್ಲಿ ಹಾಡುತ್ತಿರಲಿಲ್ಲ. ನೂರಾರು ಹಾಡುಗಳ ಭಂಡಾರದಿಂದ ಇಂದು ಯಾವುದು ಹೊರಬರುತ್ತದೆ ಎಂಬುದು ವಾದ್ಯದವರಿಗೂ ಕೊನೆಯ ಗಳಿಗೆಯವರೆಗೆ ತಿಳಿಯದಿರುವುದುಂಟು. 2008ರ ಸುಮಾರಿಗೆ ಅಭಿಮಾನಿಗಳು ತಮಗೆ ಬೇಕಾದ ಹಾಡಿನ ಹೆಸರನ್ನು ರಟ್ಟಿನ ಮೇಲೆ ಬರೆದು ಎತ್ತಿ ಹಿಡಿಯುವ ರೂಢಿ ಬೆಳೆಯಿತು. ಗಾಯಕ ವೇದಿಕೆಯ ಅಂಚಿಗೆ ಬಂದು ಆ ರಟ್ಟುಗಳನ್ನು ರಾಶಿಯಾಗಿ ಎತ್ತಿಕೊಂಡು, ಒಂದನ್ನು ಆರಿಸಿ, ತಿರುಗಿ ತನ್ನ ಇ ಸ್ಟ್ರೀಟ್ ಬ್ಯಾಂಡಿನವರಿಗೆ ತೋರಿಸಿ ಅಲ್ಲಿಯೇ ಶುರು ಮಾಡುತ್ತಿದ್ದರು. ಎಂದೋ ಒಮ್ಮೆ ನುಡಿಸಿದ್ದ ಹಾಡನ್ನು ನೆನಪಿಸಿಕೊಳ್ಳಲು ವಾದ್ಯದವರು ಪರದಾಡುವುದನ್ನು ನೋಡುವುದೂ ಸಂತೋಷದ ಭಾಗ. ಹಳೆಯ ಅಭಿಮಾನಿಗಳಲ್ಲಿ ಪ್ರತಿಯೊಬ್ಬರ ಬಳಿಯೂ ಇನ್ನೂ ಎದುರಿಗೆ ಕೇಳದ ಹಾಡುಗಳ ಒಂದು ಪಟ್ಟಿ ಇರುತ್ತದೆ. ಪಟ್ಟಿ ಗಿಡ್ಡವಾದಷ್ಟೂ ಹಸಿವು ಹೆಚ್ಚು. 2012ರ ಜುಲೈ 31ರಂದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಛೇರಿ 4 ಗಂಟೆ 6 ನಿಮಿಷ ನಡೆಯಿತು, ಅವರ ಅತಿ ದೀರ್ಘ ಕಛೇರಿ ಅದು. ಅಂದು ಅಲ್ಲಿರಲಿಲ್ಲವೆಂಬ ಕೊರಗು ಶಿಕ್ಷಕಿಗೆ ಹನ್ನೊಂದು ವರ್ಷಗಳ ನಂತರವೂ ಇತ್ತು.

ಡೇನಿಯಲ್ ಕವಿಕ್ಕಿ ಎಂಬ ವಿದ್ವಾಂಸರು ಈ ಅಭಿಮಾನಿಗಳ ನಡುವೆ ಕ್ಷೇತ್ರಕಾರ್ಯ ಮಾಡಿ 1998ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ. ತಾವು ಹೇಗೆ ಅಭಿಮಾನಿಯಾದೆವು ಎಂಬುದನ್ನು ಇವರು ಮತಾಂತರಗೊಂಡವರು ಹೇಳುವ ಧಾಟಿಯಲ್ಲಿ ಹೇಳುತ್ತಾರೆ ಎಂದು ಅವರು ಗಮನಿಸಿದ್ದರು. ಅದು ನನ್ನ ಅನುಭವಕ್ಕೂ ಬಂತು. ರೈಲಿನಲ್ಲಿ ನನ್ನ ಪಕ್ಕ ನಿಂತಿದ್ದ ಅಪರಿಚಿತನೊಬ್ಬ ಇದು ನನ್ನ ಮೊದಲ ಕಛೇರಿಯೆಂದು ತಿಳಿದೊಡನೆ ಕೈ ಕುಲುಕಿದ, ಆಮೇಲೆ ಮೂರು ನಿಲ್ದಾಣದಷ್ಟು ದೂರವಿದ್ದಿದ್ದರೂ ನಿಲ್ಲುತ್ತಿರಲಿಲ್ಲವೇನೋ ಎಂಬಂತೆ ತನ್ನ 1978ರ ಕಥೆಯನ್ನು ಹೇಳಿದ.

ಇನ್ನು ಆ ಕೈ ಮೇಲಿನ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅದು. ವೇದಿಕೆಯ ಮುಂದಿನ ನೆಲದಲ್ಲಿ ಕುರ್ಚಿಗಳಿರುವುದಿಲ್ಲ. ಮೊದಲು ಒಳಹೊಕ್ಕವರು ಮುಂದೆ ನಿಲ್ಲುತ್ತಾರೆ. ಹಾಗಾಗಿ ಕಛೇರಿಗೆ ಒಂದೆರಡು ದಿನ ಮೊದಲೇ ಜನ ಕ್ರೀಡಾಂಗಣದ ಹೊರಗೆ ಸೇರತೊಡಗುತ್ತಾರೆ. ಆದರೆ ಯಾರೂ ಇಡೀ ದಿನ ನಿಂತಿರಬೇಕಾಗಿಲ್ಲ. ಅಭಿಮಾನಿಗಳಲ್ಲೇ ಒಂದಿಬ್ಬರು ಪುಸ್ತಕ ಹಿಡಿದು, ಬಂದವರ ಹೆಸರನ್ನು ಬಂದ ಕ್ರಮದಲ್ಲಿ ಬರೆದುಕೊಂಡು, ಅವರವರ ಕೈ ಮೇಲೆ ಸಂಖ್ಯೆ ಬರೆಯುತ್ತಾರೆ. ದಿನದಲ್ಲಿ ಹಲವು ಬಾರಿ, ಮೊದಲೇ ತಿಳಿಸಿದ ವೇಳೆಗೆ, ಶಾಲೆಯಲ್ಲಿ ಹಾಜರಿ ಕರೆದಂತೆ ಸಂಖ್ಯೆಗಳನ್ನು ಕೂಗಲಾಗುತ್ತದೆ. ಕೂಗಿದಾಗ ಇರದವನ ಹೆಸರಿಗೆ ಗೀಟು ಬೀಳುತ್ತದೆ. ಬಾರ್ಸಿಲೋನಾದಲ್ಲಿ ಹಾಜರಿಯ ಕೂಗು ಸ್ಪ್ಯಾನಿಷ್, ಇಂಗ್ಲಿಷ್, ಇಟಾಲಿಯನ್ ಮೂರರಲ್ಲೂ ಆಗುತ್ತಿತ್ತೆಂದು ಶಿಕ್ಷಕಿ ಹೇಳಿದರು. ನಲವತ್ತು ವರ್ಷ ಹಾಜರಿ ಕೂಗಿದ ತನಗೆ, ಕೂಗಿದಾಗ ‘ಹಾಜರ್’ ಎನ್ನುವುದು ಎಷ್ಟು ಕಷ್ಟವೆಂದು ಅಲ್ಲಿ ತಿಳಿಯಿತೆಂದು ನಕ್ಕರು. ಮುಂಜಾನೆ ಆರರ ಹಾಜರಿಗೆ ಎರಡು ನಿಮಿಷ ತಡವಾದ ಜರ್ಮನ್ ದಂಪತಿಗಳು ಏನೂ ವಾದಿಸದೆ ಪಟ್ಟಿಯ ತುದಿಗೆ ಹೋಗಿ ಹೊಸ ಸಂಖ್ಯೆ ಬರೆಸಿಕೊಂಡರಂತೆ. ಈ ಪುಸ್ತಕಕ್ಕೆ ಯಾವ ಕಾನೂನಿನ ಬೆಂಬಲವೂ ಇಲ್ಲ.

ನನ್ನ ಸೇವೆಯ ಮೊದಲ ವರ್ಷಗಳು ಆಹಾರ ಮತ್ತು ನಾಗರಿಕ ಸರಬರಾಜಿನಲ್ಲಿ ಕಳೆದವು. 1980ರ ದಶಕದ ಸೀಮೆಎಣ್ಣೆ ಸಾಲುಗಳನ್ನು ಕಂಡವರಿಗೆ ನೆನಪಿರಬಹುದು: ನಸುಕಿನಲ್ಲೇ ಡಬ್ಬ, ಕಲ್ಲು, ಹರಿದ ಚಪ್ಪಲಿ ಇಟ್ಟು ಸರದಿ ಹಿಡಿಯುವುದು, ಆ ಚಪ್ಪಲಿಯನ್ನು ಇನ್ನೊಬ್ಬ ಒದೆಯುವುದು, ಮಧ್ಯಾಹ್ನದ ಹೊತ್ತಿಗೆ ಪಂಚಾಯಿತಿ ಸೇರುವುದು. ನಿಯಂತ್ರಿತ ಬೆಲೆ ಇದ್ದಲ್ಲಿ ಕಾಳಸಂತೆ ಇದ್ದೇ ಇರುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ, ಮೇಲಧಿಕಾರಿಗಳಿಗೆ ಟಿಪ್ಪಣಿಗಳಲ್ಲಿ ಬರೆದಿದ್ದೆ, ಕಣ್ಣಾರೆ ಕಂಡೂ ಇದ್ದೆ. ಬೆಲೆಯನ್ನು ಅದರ ಸಹಜ ಮಟ್ಟಕ್ಕೆ ಬಿಟ್ಟರೆ ಸಾಲು ತಾನಾಗಿ ಕರಗುತ್ತದೆಂಬುದು ಅಂದು ನನ್ನ ದೃಢವಾದ ನಂಬಿಕೆ. ಕರಗುವುದು ಸಾಲು ಮಾತ್ರವಲ್ಲ, ಸಾಲಿನಲ್ಲಿ ನಿಂತಿದ್ದವರೂ ಎಂಬ ಅಂಶ ಆ ಟಿಪ್ಪಣಿಗಳಲ್ಲಿ ಇರುತ್ತಿರಲಿಲ್ಲ.

ಈ ಗಾಯಕನ ಟಿಕೆಟ್ಟಿನ ಬೆಲೆಯ ಕಥೆ ಅರ್ಥಶಾಸ್ತ್ರಜ್ಞರಿಗೂ ಪ್ರಿಯವಾದದ್ದು. ಒಬಾಮಾ ಅವರ ಆರ್ಥಿಕ ಸಲಹೆಗಾರರ ಮಂಡಳಿಯ ಅಧ್ಯಕ್ಷರಾಗಿದ್ದ ಅಲನ್ ಕ್ರೂಗರ್, ಎಡಿಸನ್‌ಗೆ ಸಮೀಪದಲ್ಲೇ ಇರುವ ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕರು. 2002ರ ಅಕ್ಟೋಬರ್‌ನಲ್ಲಿ ಅವರು ಫಿಲಡೆಲ್ಫಿಯಾದಲ್ಲಿ ನಡೆದ ಸ್ಪ್ರಿಂಗ್‌ಸ್ಟೀನ್ ಕಛೇರಿಗೆ ಪ್ರಶ್ನಾವಳಿ ಹಿಡಿದು ಹೋದರು. ಅಂದು ಎಲ್ಲ ಟಿಕೆಟ್ಟಿಗೂ ಒಂದೇ ಬೆಲೆ, 75 ಡಾಲರ್. ಅದೇ ಟಿಕೆಟ್ ಮರುಮಾರಾಟದಲ್ಲಿ ಸರಾಸರಿ ಸುಮಾರು 280 ಡಾಲರಿಗೆ ಹೋಗುತ್ತಿತ್ತು. ಸಭಿಕರಲ್ಲಿ ಐದನೆಯ ಒಂದರಿಂದ ಕಾಲು ಭಾಗದಷ್ಟು ಜನ ಹಾಗೆ ಕೊಂಡು ಬಂದಿದ್ದರು. ಅಂದರೆ ಉಳಿದವರ ಕೈಯಲ್ಲಿದ್ದದ್ದು, 280 ಡಾಲರಿಗೆ ಮಾರಬಹುದಾಗಿದ್ದರೂ ಮಾರದೆ ಉಳಿಸಿಕೊಂಡ ಟಿಕೆಟ್. ಗಾಯಕ ತಾನು ಪಡೆಯಬಹುದಾದದ್ದನ್ನು ಪಡೆಯದೆ ಬಿಟ್ಟಿದ್ದಾರೆ, ಅಭಿಮಾನಿ ತಾನು ಗಳಿಸಬಹುದಾದದ್ದನ್ನು ಗಳಿಸದೆ ಬಂದಿದ್ದಾನೆ. ರಾಕ್ ಕಛೇರಿಯೆಂಬುದು ಸರಕಿನ ಮಾರಾಟದಷ್ಟೇ ಒಂದು ಔತಣವೂ ಹೌದು, ಅಲ್ಲಿ ಸಲ್ಲುವುದು ಉಡುಗೊರೆಯ ತರ್ಕ ಎಂದು ಕ್ರೂಗರ್ ತೀರ್ಮಾನಿಸಿದರು. 2013ರಲ್ಲಿ ಕ್ಲೀವ್‌ಲೆಂಡಿನಲ್ಲಿ, ಅಧಿಕಾರದಲ್ಲಿದ್ದಾಗಲೇ, ಈ ಕುರಿತು ಉಪನ್ಯಾಸ ಮಾಡಿ ಅದಕ್ಕೆ ಸ್ಪ್ರಿಂಗ್‌ಸ್ಟೀನರ ಹಾಡೊಂದರ ಹೆಸರನ್ನಿಟ್ಟರು. 1981ರಿಂದ 2012ರವರೆಗೆ ಅಮೆರಿಕದಲ್ಲಿ ಸಾಮಾನ್ಯ ಬೆಲೆಗಳು ಶೇ 150ರಷ್ಟು ಏರಿದ್ದರೆ ಕಛೇರಿಯ ಟಿಕೆಟ್ ದರ ಶೇ 400ರಷ್ಟು ಏರಿದೆ. ಕಛೇರಿಗಳ ಒಟ್ಟು ಆದಾಯದಲ್ಲಿ ಅಗ್ರ ಶೇ 1ರಷ್ಟು ಕಲಾವಿದರ ಪಾಲು 1982ರ ಶೇ 26ರಿಂದ 2003ಕ್ಕೆ ಶೇ 56 ಆಗಿದೆ ಎಂಬ ಅಂಕಿಗಳನ್ನು ಅವರು ಅಲ್ಲಿ ಮುಂದಿಟ್ಟರು. 2019ರಲ್ಲಿ ಕ್ರೂಗರ್ ತೀರಿಕೊಂಡರು. ಅವರಿದ್ದಿದ್ದರೆ ಮುಂದೆ ನಡೆದದ್ದಕ್ಕೆ ಏನೆನ್ನುತ್ತಿದ್ದರೋ.

2009ರಲ್ಲಿ ಟಿಕೆಟ್‌ಮಾಸ್ಟರ್ ಮತ್ತು ಲೈವ್ ನೇಷನ್ ಕಂಪನಿಗಳ ವಿಲೀನದ ಪ್ರಸ್ತಾಪ ಬಂದಾಗ ಅದನ್ನು ಬಹಿರಂಗ ಪತ್ರದ ಮೂಲಕ ವಿರೋಧಿಸಿದವರು ಇದೇ ಸ್ಪ್ರಿಂಗ್‌ಸ್ಟೀನ್. ವಿಲೀನ 2010ರಲ್ಲಿ ನಡೆದೇಹೋಯಿತು. 2024ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ಆ ಸಂಸ್ಥೆಯ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಬೇಕಾಯಿತು. ಈ ನಡುವೆ, 2022ರ ಜುಲೈನಲ್ಲಿ, ಆರು ವರ್ಷಗಳ ನಂತರದ ದೊಡ್ಡ ತಿರುಗಾಟಕ್ಕೆ ಅಮೆರಿಕದಲ್ಲಿ ಟಿಕೆಟ್ ಮಾರಾಟ ಶುರುವಾದಾಗ ಅಭಿಮಾನಿಗಳು ಕಂಡದ್ದು ಅವರು ನಿರೀಕ್ಷಿಸಿದ್ದನ್ನಲ್ಲ. ವಿಮಾನದ ಟಿಕೆಟ್ಟಿನಂತೆ, ಬೇಡಿಕೆ ನೋಡಿ ಬೆಲೆ ಕಣ್ಣೆದುರಿಗೇ ಏರುವ ವ್ಯವಸ್ಥೆ. ಕೆಲವು ಕುರ್ಚಿಗಳ ಬೆಲೆ 4,000, 5,000 ಡಾಲರ್ ಮುಟ್ಟಿತು. ಮಾರಿದವರು ಅಂಕಿಅಂಶ ಕೊಟ್ಟರು: ಹೀಗೆ ಏರುಬೆಲೆಗೆ ಹೋದದ್ದು ಶೇ 11ರಷ್ಟು ಮಾತ್ರ, 1,000 ಡಾಲರ್ ದಾಟಿದ್ದು ಶೇ 1.3, ಒಟ್ಟು ಸರಾಸರಿ 262 ಡಾಲರ್. ಸರಾಸರಿಯ ಬಗ್ಗೆ ನನಗೆ ವೃತ್ತಿಸಹಜವಾದ ಗೌರವವಿದೆ; ಆದರೆ ಗಂಟೆಗಟ್ಟಲೆ ಕಾದು, ಕೊನೆಗೆ ಪರದೆಯ ಮೇಲೆ ಉಳಿದದ್ದು ದುಬಾರಿ ಕುರ್ಚಿಗಳೇ ಎಂದು ಕಂಡವರಿಗೆ ಅದರಿಂದ ಸಮಾಧಾನವಾಗಲಿಲ್ಲ.

ಗಾಯಕರ ಉತ್ತರ ಆ ವರ್ಷದ ನವೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಸಂದರ್ಶನದಲ್ಲಿ ಬಂತು. ಇಷ್ಟು ವರ್ಷ ತಾವು ಸಮಕಾಲೀನರಿಗಿಂತ ಕಡಿಮೆ ಬೆಲೆಯನ್ನೇ ಇಟ್ಟಿದ್ದು, ಈ ಸಲ ಉಳಿದವರಂತೆ ಮಾಡಲು ಹೇಳಿದ್ದಾಗಿ ಅವರು ಒಪ್ಪಿಕೊಂಡರು. ಟಿಕೆಟ್ ಹೇಗೂ ಎಲ್ಲೋ ಆ ಬೆಲೆಗೆ ಮಾರಾಟವಾಗುತ್ತದೆ. ಹಣ ದಲ್ಲಾಳಿಗೆ ಹೋಗುವ ಬದಲು ಮೂರು ಗಂಟೆ ಬೆವರು ಸುರಿಸುವವರಿಗೆ ಬಂದರೆ ತಪ್ಪೇನು ಎಂಬುದು ಅವರ ವಾದದ ಸಾರ. ಬೇಸರವಾದವರು ಹೊರಹೋಗುವಾಗ ಹಣ ವಾಪಸು ಕೇಳಬಹುದೆಂದೂ ಸೇರಿಸಿದರು.

ಈ ವಾದದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ನನ್ನ ಹಳೆಯ ಟಿಪ್ಪಣಿಗಳಲ್ಲಿ ನಾನು ಬರೆಯುತ್ತಿದ್ದದ್ದೂ ಇದನ್ನೇ. 2002ರಲ್ಲಿ 75ಕ್ಕೂ 280ಕ್ಕೂ ನಡುವಿನ 205 ಡಾಲರ್ ಅನೇಕ ಸಲ ಸಂಗೀತಕ್ಕೂ ತನಗೂ ಸಂಬಂಧವೇ ಇಲ್ಲದ ಮಧ್ಯವರ್ತಿಯ ಜೇಬಿಗೆ ಹೋಯಿತೆಂಬುದು ನಿಜ. ಆದರೂ ಈ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ ಎಂದು ನನಗನಿಸುತ್ತದೆ. ನಾಲ್ಕು ದಶಕಗಳ ಕಾಲ ಆ ಗಾಯಕ ಕಡಿಮೆ ಬೆಲೆಯಿಟ್ಟು ಅಭಿಮಾನಿಗಳಲ್ಲಿ ಬೆಳೆಸಿದ್ದು ಒಂದು ನಂಬಿಕೆ. ಆ ನಂಬಿಕೆಯೇ ಅವರನ್ನು ರಾತ್ರಿಯೆಲ್ಲ ಬೀದಿಯಲ್ಲಿ ಕೂರಿಸಿದ್ದು, 280ಕ್ಕೆ ಮಾರದಂತೆ ತಡೆದದ್ದು, ಬಾರ್ಸಿಲೋನಾದ ಪುಸ್ತಕದಲ್ಲಿ ಗೀಟು ಬಿದ್ದವನನ್ನು ಸುಮ್ಮನೆ ಹಿಂದಕ್ಕೆ ಕಳುಹಿಸಿದ್ದು. 2022ರಲ್ಲಿ ಕಂಪ್ಯೂಟರ್ ಬೆಲೆ ಏರಿಸಿದಾಗ ಅದು ಅಳೆದದ್ದು ಬರಿಯ ಬೇಡಿಕೆಯನ್ನಲ್ಲ, ಈ ಹಳೆಯ ನಂಬಿಕೆಯನ್ನು. ಅಭಿಮಾನಿ ಕೂಡಿಟ್ಟ ಬಂಡವಾಳವನ್ನೇ ಅವನಿಗೆ ಮರಳಿ ಮಾರಿದಂತಾಯಿತು. ಬೆಕರ್ ಹೇಳಿದ ಹಾಗೆ ಕೇಳುವಿಕೆ ಹೂಡಿಕೆಯೇ ಆದರೆ, ಅದರ ಲಾಭಾಂಶ ಯಾರಿಗೆ ಸೇರಬೇಕೆಂಬ ಪ್ರಶ್ನೆಯನ್ನು ಬೆಕರ್ ಕೇಳಿರಲಿಲ್ಲ. 2021ರ ಕೊನೆಯಲ್ಲಿ ತಮ್ಮ ಹಾಡುಗಳ ಹಕ್ಕನ್ನು ಸುಮಾರು 50 ಕೋಟಿ ಡಾಲರಿಗೆ ಸೋನಿ ಸಂಸ್ಥೆಗೆ ಮಾರಿದರೆಂದು ವರದಿಯಾಗಿದ್ದ ಕಲಾವಿದ ಇವರು ಎಂಬುದೂ ಜನರ ನೆನಪಿನಲ್ಲಿತ್ತು. ಕೆಲಸ ಕಳೆದುಕೊಂಡವರ ಬಗ್ಗೆ ಹಾಡಿದವನಿಗೆ ಉಳಿದವರಿಗಿಲ್ಲದ ಒಂದು ಹೊಣೆ ಇರುತ್ತದೆ ಎಂದು ಅವರು ಭಾವಿಸಿದ್ದರೆ ಆ ಭಾವನೆಯನ್ನು ಬಿತ್ತಿದವರು ಆತನೇ.

1980ರಿಂದ ಈ ಅಭಿಮಾನಿಗಳ ಊರಿನ ಜಗಲಿಯಂತಿದ್ದ ಪತ್ರಿಕೆ ‘ಬ್ಯಾಕ್‌ಸ್ಟ್ರೀಟ್ಸ್’. ಸಿಯಾಟಲ್‌ನಲ್ಲಿ ಚಾರ್ಲ್ಸ್ ಕ್ರಾಸ್ ಆರಂಭಿಸಿದ್ದು. ಯಾವ ಊರಿನಲ್ಲಿ ಯಾವ ಹಾಡು ಹಾಡಿದರೆಂಬುದನ್ನು ದಾಖಲಿಸುತ್ತ ಬಂದದ್ದು. ಅದು ಓದುಗರಿಂದ ಸಂಗ್ರಹಿಸಿದ ಲೇಖನ, ಪತ್ರಿಕೆ, ಕರಪತ್ರಗಳ ಭಂಡಾರ ಆಸ್‌ಬರಿ ಪಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿದ್ದು, 2011ರಲ್ಲಿ ಮಾನ್ಮತ್ ವಿಶ್ವವಿದ್ಯಾಲಯಕ್ಕೆ ಹೋಗಿ ಈಗ ವಿದ್ವಾಂಸರ ಆಕರವಾಗಿದೆ. 2023ರ ಫೆಬ್ರುವರಿ 1ರಂದು ಫ್ಲಾರಿಡಾದ ಟ್ಯಾಂಪಾದಲ್ಲಿ ತಿರುಗಾಟ ಆರಂಭವಾಯಿತು. ಅದೇ ವಾರ ಸಂಪಾದಕ ಕ್ರಿಸ್ಟೋಫರ್ ಫಿಲಿಪ್ಸ್ ಪತ್ರಿಕೆಯನ್ನು ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿದರು. ಟಿಕೆಟ್ ಬೆಲೆಯಿಂದ ತಮ್ಮ ಓದುಗರಲ್ಲಿ ಅನೇಕರು ಹೊರಗುಳಿದಿದ್ದಾರೆ. ಅವರಿಗೆ ಹೋಗಲಾಗದ ಕಛೇರಿಗಳ ವರದಿಯನ್ನು ಮೊದಲಿನ ಉತ್ಸಾಹದಿಂದ ಬರೆಯುವುದು ತಮ್ಮಿಂದಾಗದು ಎಂಬುದು ಅವರ ಕಾರಣ. ಕೂಗಾಟವಿಲ್ಲ, ಬಹಿಷ್ಕಾರದ ಕರೆಯಿಲ್ಲ. 43 ವರ್ಷ ತೆರೆದಿದ್ದ ಬಾಗಿಲನ್ನು ಎಳೆದುಕೊಂಡು ಹೋದರು. ನನಗೆ ಆ ಐದು ಸಾವಿರ ಡಾಲರಿನ ಸುದ್ದಿಗಿಂತ ಇದು ದೊಡ್ಡದೆನಿಸಿತು.

ನಮ್ಮ ಶಿಕ್ಷಕಿ ಏನು ಮಾಡಿದರು? ಮೊದಲ ಆರು ತಿಂಗಳು ಹಟ ಹಿಡಿದು ಅಮೆರಿಕದ ಒಂದು ಕಛೇರಿಗೂ ಹೋಗಲಿಲ್ಲ. ಬದಲಿಗೆ, ನಿಗದಿತ ಬೆಲೆಗೆ ಸಿಕ್ಕಿದ ಟಿಕೆಟ್ಟಿನಿಂದ ಬಾರ್ಸಿಲೋನಾಕ್ಕೆ ಹೋದರು. ಮೊದಲೇ ಕೂಡಿಟ್ಟಿದ್ದ ವಿಮಾನದ ಅಂಕಗಳೂ ಗೆಳತಿಯ ಮನೆಯಲ್ಲಿನ ವಸತಿಯೂ ಸೇರಿ, ಸಮುದ್ರ ದಾಟಿ ಮುಂದಿನ ಸಾಲಿನಲ್ಲಿ ನಿಲ್ಲುವುದು ತಮ್ಮದೇ ಊರಿನ ಒಳ್ಳೆಯ ಕುರ್ಚಿಗಿಂತ ಅಗ್ಗವಾಯಿತೆಂದು ಲೆಕ್ಕ ತೋರಿಸಿದರು. ಲೆಕ್ಕವನ್ನು ನಾನು ಪರಿಶೀಲಿಸಿದೆ, ಸರಿಯಾಗಿತ್ತು. ಆಗಸ್ಟ್ ಹೊತ್ತಿಗೆ ಹಟ ಕರಗಿತು. ಮೇಲಿನ ಅಂತಸ್ತಿನ ಎರಡು ಟಿಕೆಟ್‌ಗಳನ್ನು ಕಛೇರಿಗೆ ಎರಡು ದಿನವಿರುವಾಗ, ಬೆಲೆ ಇಳಿದ ಮೇಲೆ ಕೊಂಡರು. ಸಿಟ್ಟು ಹೋಯಿತೇ ಎಂದು ಕೇಳಿದೆ. ಇಲ್ಲ, ಸಿಟ್ಟಿದೆ, ಆದರೆ ಆತನಿಗೂ ತನಗೂ ಎಷ್ಟು ವರ್ಷ ಉಳಿದಿವೆಯೋ ಯಾರಿಗೆ ಗೊತ್ತು ಎಂದರು.

ಅಂದು ಆ ಮಹಾ ಕ್ರೀಡಾಂಗಣದ ತುದಿಯಿಂದ ಗಾಯಕ ನನಗೆ ಬೆರಳಿನಷ್ಟು ಕಂಡರು. ಮೂರು ಗಂಟೆ ವಿರಾಮವಿಲ್ಲದ ಹಾಡು. ಸದ್ದು ನನಗೆ ವಿಪರೀತವಾಗಿತ್ತು, ಅರ್ಧದಷ್ಟು ಮಾತು ಹಿಡಿಯಲಿಲ್ಲ. ಸುತ್ತಲಿದ್ದವರಿಗೆ ಹಿಡಿಯಬೇಕಾದದ್ದೇನೂ ಇರಲಿಲ್ಲ, ಅವರೇ ಹಾಡುತ್ತಿದ್ದರು. ಈ ತಿರುಗಾಟದಲ್ಲಿ ರಟ್ಟುಗಳನ್ನು ಎತ್ತಿಕೊಳ್ಳುವ ಆಟ ಹೆಚ್ಚೂಕಡಿಮೆ ನಿಂತಿತ್ತು. ಹಾಡುಗಳ ಕ್ರಮ ರಾತ್ರಿಯಿಂದ ರಾತ್ರಿಗೆ ಬಹುಪಾಲು ಒಂದೇ ಇರುತ್ತಿತ್ತು, ಅದೂ ಹಳಬರ ದೂರುಗಳಲ್ಲೊಂದು. ಅದಕ್ಕೊಂದು ಕಾರಣವಿತ್ತು. ನಡುವೆ ಒಮ್ಮೆ ಬೆಳಕು ತಗ್ಗಿಸಿ ಗಾಯಕ ತಮ್ಮ ಮೊದಲ ವಾದ್ಯತಂಡದ ಕಥೆ ಹೇಳಿದರು. ಹದಿಹರೆಯದಲ್ಲಿ ತಮ್ಮನ್ನು ಆ ತಂಡಕ್ಕೆ ಸೇರಿಸಿಕೊಂಡ ಜಾರ್ಜ್ ಥೀಸ್ 2018ರಲ್ಲಿ ತೀರಿಕೊಂಡ ಮೇಲೆ ಅದರಲ್ಲಿ ಉಳಿದವರು ತಾವೊಬ್ಬರೇ. ಆ ರಾತ್ರಿಯ ಹಾಡುಗಳನ್ನು ಆ ಸಾವಿನ ಸುತ್ತ ಜೋಡಿಸಲಾಗಿತ್ತು, ಜೋಡಣೆ ಕೆಡಿಸುವಂತಿರಲಿಲ್ಲ. ಕೊನೆಯಲ್ಲಿ ವಾದ್ಯದವರೆಲ್ಲ ಇಳಿದುಹೋದ ಮೇಲೆ ಗಿಟಾರು ಮತ್ತು ಹಾರ್ಮೋನಿಕಾ ಹಿಡಿದು ಒಬ್ಬರೇ ನಿಂತು, ಅಗಲಿದವರನ್ನು ಕುರಿತ ಹಾಡೊಂದನ್ನು ಹಾಡಿದರು. ಅದೊಂದು ನನಗೆ ಪೂರ್ತಿ ಅರ್ಥವಾಯಿತು. ಶಿಕ್ಷಕಿ ಆ ಹಾಡಿಗೆ ಮಾತ್ರ ದನಿಗೂಡಿಸಲಿಲ್ಲ.

ವಾರದೊಳಗೆ ಗಾಯಕರ ಹೊಟ್ಟೆಹುಣ್ಣಿನ ಸುದ್ದಿ ಬಂತು, ಸೆಪ್ಟೆಂಬರ್ ತಿಂಗಳ ಕಛೇರಿಗಳೂ ಆಮೇಲೆ ಆ ವರ್ಷದ ಉಳಿದವೂ ಮುಂದಕ್ಕೆ ಹೋದವು. ಶಿಕ್ಷಕಿಯ ಬಳಿ ಬಾಲ್ಟಿಮೋರ್ ಟಿಕೆಟ್ ಇತ್ತು. ಹಣ ವಾಪಸು ಪಡೆಯುವ ಅವಕಾಶವಿದ್ದರೂ ಪಡೆಯಲಿಲ್ಲ. 2024ರ ಸೆಪ್ಟೆಂಬರ್ 13ರಂದು ಆ ಕಛೇರಿ ನಡೆದಾಗ ಹೋಗಿ ಬಂದರೆಂದು ಮಗಳು ತಿಳಿಸಿದಳು. ತಿರುಗಾಟ 2025ರ ಜುಲೈ 3ರಂದು ಇಟಲಿಯ ಮಿಲಾನ್‌ನಲ್ಲಿ ಮುಗಿಯುವ ಹೊತ್ತಿಗೆ 129 ಕಛೇರಿಗಳು, 49 ಲಕ್ಷ ಟಿಕೆಟ್‌ಗಳು, ಸುಮಾರು 73 ಕೋಟಿ ಡಾಲರ್ ವಸೂಲಿ. ಮಾರುಕಟ್ಟೆಯ ಭಾಷೆಯಲ್ಲಿ ಬೆಲೆ ತಪ್ಪಾಗಿರಲಿಲ್ಲ.

ಅಂದು ರಾತ್ರಿ ಹಿಂದಿರುಗುವ ರೈಲಿಗಾಗಿ ನಾವು ಒಂದು ಗಂಟೆ ಸಾಲಿನಲ್ಲಿ ನಿಂತೆವು. ಶಿಕ್ಷಕಿ ಕೈಚೀಲದಿಂದ ರೂಲು ಹಾಕಿದ ಶಾಲೆಯ ನೋಟ್‌ಬುಕ್ ತೆಗೆದು, ನನ್ನ ಬೆನ್ನನ್ನೇ ಮೇಜಾಗಿಸಿಕೊಂಡು, 87ನೆಯ ಸಾಲಿನಲ್ಲಿ ದಿನಾಂಕ, ಊರು ಬರೆದರು. ಹಿಂದಿನ ಪುಟಗಳಲ್ಲಿ ಗಾಯಕ ಹೋದ, ತಾವು ಹೋಗಲಾಗದ ಊರುಗಳ ಇನ್ನೊಂದು ಪಟ್ಟಿಯಿತ್ತು. ಅದರಲ್ಲಿ ಬೆರಳಿಟ್ಟು, 1988ರ ಸೆಪ್ಟೆಂಬರ್ 30, ನವದೆಹಲಿ ಎಂದರು. ಮಾನವ ಹಕ್ಕುಗಳ ಘೋಷಣೆಯ ನಲವತ್ತನೆಯ ವರ್ಷಕ್ಕೆ ಆಮ್ನೆಸ್ಟಿ ಏರ್ಪಡಿಸಿದ್ದ ವಿಶ್ವ ಸಂಚಾರದಲ್ಲಿ ಸ್ಟಿಂಗ್, ಪೀಟರ್ ಗೇಬ್ರಿಯೆಲ್, ಟ್ರೇಸಿ ಚಾಪ್‌ಮನ್ ಜೊತೆ ಸ್ಪ್ರಿಂಗ್‌ಸ್ಟೀನ್ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಹಾಡಿದ ದಿನ ಅದು. ಶಾಲೆ ನಡೆಯುತ್ತಿದ್ದರಿಂದ ಅವರಿಗೆ ರಜೆ ಸಿಕ್ಕಿರಲಿಲ್ಲ. ನೀವು ಭಾರತದಲ್ಲೇ ಇದ್ದಿರಲ್ಲವೇ, ಹೋಗಿದ್ದಿರಾ ಎಂದು ಆಸೆಯಿಂದ ಕೇಳಿದರು. ಇಲ್ಲ, ಆ ತಿಂಗಳು ನಾನು ರಾಯಚೂರು ಕಡೆ ಸೀಮೆಎಣ್ಣೆ ಅಂಗಡಿಗಳ ದಾಸ್ತಾನು ಅಳೆಯುತ್ತಿದ್ದೆ ಎಂದೆ. ಅವರು ನನ್ನನ್ನು ಒಂದು ಕ್ಷಣ ಕನಿಕರದಿಂದ ನೋಡಿ ನೋಟ್‌ಬುಕ್ ಮುಚ್ಚಿದರು.